ಮನೆಯ ರಕ್ಷಣೆಗೆ ಸ್ಟನ್ ಗನ್ ಬೇಕೇ? ಹಣ ಕೊಡುವ ಮೊದಲು ಒಂದೊಂದೇ ಹೆಜ್ಜೆ

ಮನೆಯಲ್ಲಿ ಒಬ್ಬರೇ ಇರುವವರು, ವಯಸ್ಸಾದ ತಂದೆ ತಾಯಿಯನ್ನು ಬಿಟ್ಟು ಕೆಲಸಕ್ಕೆ ಹೋಗುವವರು, ಪಕ್ಕದ ಬೀದಿಯಲ್ಲಿ ಕಳ್ಳತನ ಆಯಿತೆಂದು ಕೇಳಿ ನಿದ್ದೆಗೆಟ್ಟವರು, ಇವರಿಗೆಲ್ಲ ಒಂದು ಯೋಚನೆ ಬಂದೇ ಬರುತ್ತದೆ. ಒಂದು ಸ್ಟನ್ ಗನ್ ತಂದಿಟ್ಟುಕೊಂಡರೆ ಹೇಗೆ? ಬಂದೂಕಿನಷ್ಟು ಭಯಂಕರವಲ್ಲ, ಕೈಯಲ್ಲಿ ಹಿಡಿಯುವಷ್ಟೇ ಇದೆ, ಗುಂಡಿ ಒತ್ತಿದರೆ ಸಾಕು ಅನ್ನಿಸುತ್ತದೆ.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಮೈಗೆ ತಾಗಿಸಿ ಶಾಕ್ ಕೊಡುವ ಸ್ಟನ್ ಗನ್ ಬಹುತೇಕ ಮನೆಗಳಿಗೆ ಬೇಡ. ದೂರದಿಂದ ತಂತಿ ಹಾರಿಸುವ ಟೇಸರ್ ಕೆಲವು ಮನೆಗಳಿಗೆ ಸರಿಹೋಗಬಹುದು, ಅದೂ ಕಾನೂನು ಒಪ್ಪಿದರೆ ಮತ್ತು ಮನೆಯವರು ಅಭ್ಯಾಸ ಮಾಡಿದ್ದರೆ. ಮನೆಯ ರಕ್ಷಣೆ ಅಂದರೆ ನಿಮ್ಮ ಮತ್ತು ಒಳಗೆ ಬಂದವನ ನಡುವಿನ ದೂರವನ್ನು ಉಳಿಸಿಕೊಳ್ಳುವುದು. ದೂರ ಇದ್ದರೆ ಸಮಯ ಸಿಗುತ್ತದೆ, ಸಮಯ ಸಿಕ್ಕರೆ ಸಹಾಯ ಬರುತ್ತದೆ. ಮುಂದಿನ ಎಲ್ಲಾ ಹೆಜ್ಜೆಗಳನ್ನೂ ಈ ಒಂದೇ ಅಳತೆಯಲ್ಲಿ ನೋಡೋಣ.

ಹೆಜ್ಜೆ 1: ನಿಮ್ಮ ಭಯವನ್ನು ಕಾಗದದ ಮೇಲೆ ಬರೆಯಿರಿ

"ಯಾರಾದರೂ ನುಗ್ಗಿದರೆ" ಅನ್ನುವ ಮಾತು ಸಾಲದು. ಯಾರು ನುಗ್ಗಬಹುದು, ಯಾವ ಹೊತ್ತಿನಲ್ಲಿ, ಯಾವ ಬಾಗಿಲಿಂದ, ಆಗ ಮನೆಯಲ್ಲಿ ಯಾರಿರುತ್ತಾರೆ, ಇಷ್ಟನ್ನು ಬಿಡಿಸಿ ಬರೆಯಿರಿ.

ಹೀಗೆ ಬರೆದಾಗ ಭಯಗಳು ಬೇರೆ ಬೇರೆ ಎಂದು ಗೊತ್ತಾಗುತ್ತದೆ. ಯಾರೂ ಇಲ್ಲದ ಹೊತ್ತು ನೋಡಿ ಬರುವ ಕಳ್ಳನ ಮುಂದೆ ಸ್ಟನ್ ಗನ್‌ಗೆ ಕೆಲಸವೇ ಇಲ್ಲ, ಏಕೆಂದರೆ ಅದನ್ನು ಹಿಡಿಯಲು ನೀವು ಮನೆಯಲ್ಲಿರುವುದಿಲ್ಲ. ಅವನನ್ನು ತಡೆಯಲು ಬೇಕಾದ್ದು ಗಟ್ಟಿ ಬೀಗ. ಬೆಲ್ ಒತ್ತಿ, ಬಾಗಿಲು ತೆಗೆದ ಕೂಡಲೇ ತಳ್ಳಿಕೊಂಡು ಬರುವವನ ವಿಷಯದಲ್ಲಿ ಬಾಗಿಲನ್ನು ತೆಗೆಯದೆ ಮಾತಾಡುವ ವ್ಯವಸ್ಥೆ ಮುಖ್ಯ. ಪರಿಚಯದವರಿಂದಲೇ, ಮಾಜಿ ಗಂಡನಿಂದಲೋ ಹಿಂದೆ ಬಿದ್ದವನಿಂದಲೋ ಭಯ ಇದ್ದರೆ ಅದು ತೀರಾ ಬೇರೆಯ ಲೆಕ್ಕ. ಅವನಿಗೆ ನಿಮ್ಮ ಮನೆಯ ಮೂಲೆ ಮೂಲೆ ಗೊತ್ತು, ಆಯುಧ ಎಲ್ಲಿಟ್ಟಿದ್ದೀರಿ ಅನ್ನುವುದೂ ಗೊತ್ತಿರಬಹುದು. ಹಿಂಸೆ ಕೊಡುವವನು ಅದೇ ಮನೆಯಲ್ಲಿ ವಾಸ ಇದ್ದರಂತೂ ಸ್ಟನ್ ಗನ್ ಅವನ ಕೈಗೆ ಸಿಗುವ ಇನ್ನೊಂದು ಸಾಧನ ಆಗುತ್ತದೆ. ಅಂಥ ಮನೆಗೆ ಅದನ್ನು ತರಲೇಬೇಡಿ. ಅಲ್ಲಿಂದ ಹೊರಬರುವ ದಾರಿಗೆ ಸಹಾಯ ಕೇಳಿ.

ಹೆಜ್ಜೆ 2: ಎರಡು ಸಾಧನಗಳನ್ನು ಒಂದೇ ಅಂದುಕೊಳ್ಳಬೇಡಿ

ಸ್ಟನ್ ಗನ್, ಟೇಸರ್ ಎರಡೂ ಒಂದೇ ಅನ್ನುವಂತೆ ಜನ ಮಾತಾಡುತ್ತಾರೆ. ಅವು ಕೆಲಸ ಮಾಡುವ ರೀತಿಯೇ ಬೇರೆ.

ಸಾಮಾನ್ಯ ಸ್ಟನ್ ಗನ್‌ನ ತುದಿಯಲ್ಲಿ ಎರಡು ಲೋಹದ ಮೊನೆಗಳಿರುತ್ತವೆ. ಅವುಗಳ ನಡುವೆ ಕೆಲವೇ ಸೆಂಟಿಮೀಟರ್ ಅಂತರ. ಅದನ್ನು ಎದುರಿನವನ ಮೈಗೆ ಒತ್ತಿ ಹಿಡಿಯಬೇಕು. ಕರೆಂಟ್ ಆ ಎರಡು ಮೊನೆಗಳ ನಡುವಿನ ಚೂರು ಜಾಗದಲ್ಲಿ ಮಾತ್ರ ಹರಿಯುತ್ತದೆ. ಅಲ್ಲಿ ನೋವಾಗುತ್ತದೆ, ಜೋರಾಗಿಯೇ ಆಗುತ್ತದೆ. ಆದರೆ ಕೈಕಾಲು ನಿಂತುಹೋಗುವುದಿಲ್ಲ. ಪೂರ್ತಿ ಪರಿಣಾಮ ಬೇಕಾದರೆ ಕೆಲವು ಸೆಕೆಂಡು ಒತ್ತಿಯೇ ಹಿಡಿದಿರಬೇಕು. ಹೊಡೆದಾಡುತ್ತಿರುವ ಮನುಷ್ಯ ಅಷ್ಟು ಹೊತ್ತು ಸುಮ್ನೆ ನಿಲ್ಲುತ್ತಾನಾ? ಕುಡಿದಿದ್ದವನಿಗೆ, ಮಾದಕ ವಸ್ತು ತೆಗೆದುಕೊಂಡವನಿಗೆ, ಕೋಪದಲ್ಲಿ ಮೈಮರೆತವನಿಗೆ ನೋವು ತಕ್ಷಣ ತಟ್ಟದೆಯೂ ಇರಬಹುದು.

ಟೇಸರ್ ಹಾಗಲ್ಲ. ಅಮೆರಿಕದ ಜ್ಯಾಕ್ ಕವರ್ ಎಂಬ ವಿಜ್ಞಾನಿ 1970ರ ದಶಕದಲ್ಲಿ ಇದನ್ನು ರೂಪಿಸಿದರು. ಅದು ಸಣ್ಣ ಮುಳ್ಳುಗಳಿರುವ ಎರಡು ತಂತಿಗಳನ್ನು ಹಾರಿಸುತ್ತದೆ. ಮೊದಲ ಮಾದರಿಯಲ್ಲಿ ತಂತಿ ಹಾರಿಸಲು ಮದ್ದಿನ ಪುಡಿ ಬಳಸುತ್ತಿದ್ದರು. ಹಾಗಾಗಿ ಅಲ್ಲಿನ ಸರ್ಕಾರ ಅದನ್ನು ಬಂದೂಕಿನ ಪಟ್ಟಿಗೆ ಸೇರಿಸಿತ್ತು. 1990ರ ದಶಕದಲ್ಲಿ ಒತ್ತಿ ತುಂಬಿದ ಗಾಳಿಯಿಂದ ಹಾರಿಸುವ ಮಾದರಿ ಬಂದ ಮೇಲೆ ಅದು ಸಾಮಾನ್ಯ ಜನರ ಕೈಗೂ ಬಂತು. ಎರಡು ಮುಳ್ಳುಗಳು ಮೈಯಲ್ಲಿ ದೂರ ದೂರ ಚುಚ್ಚಿಕೊಂಡರೆ ನಡುವಿನ ಸ್ನಾಯುಗಳೆಲ್ಲ ಬಿಗಿದು ಆ ಮನುಷ್ಯ ನಿಂತಲ್ಲೇ ಕುಸಿಯುತ್ತಾನೆ. ಇಲ್ಲಿ ಕೆಲಸ ಮಾಡುವುದು ನೋವಷ್ಟೇ ಅಲ್ಲ, ಸ್ನಾಯುಗಳ ಮೇಲಿನ ಹಿಡಿತವೇ ತಪ್ಪುತ್ತದೆ.

ದೂರದ ಅಳತೆಯಲ್ಲಿ ನೋಡಿದರೆ ವ್ಯತ್ಯಾಸ ಎದ್ದು ಕಾಣುತ್ತದೆ. ಮೊದಲನೆಯದನ್ನು ಬಳಸಬೇಕಾದರೆ ನಿಮ್ಮನ್ನು ಹಿಡಿಯಬಲ್ಲವನ ಕೈಗೆಟುಕುವಷ್ಟು ಹತ್ತಿರ ನೀವೇ ಹೋಗಬೇಕು. ಅಲ್ಲಿಗೆ ನಿಮ್ಮ ಬಳಿ ಇದ್ದ ಒಂದೇ ಅನುಕೂಲವನ್ನೂ ಬಿಟ್ಟುಕೊಟ್ಟಂತೆ.

ತುಂಬಾ ಜನ ಕೇಳುವ ಇನ್ನೊಂದು ಪ್ರಶ್ನೆ ಇದೆ. ಅವನು ನನ್ನನ್ನು ಹಿಡಿದುಕೊಂಡಿರುವಾಗ ಶಾಕ್ ಕೊಟ್ಟರೆ ನನಗೂ ಹೊಡೆಯುತ್ತಾ? ಸಾಮಾನ್ಯವಾಗಿ ಇಲ್ಲ. ಕರೆಂಟ್ ಎರಡು ಮೊನೆಗಳ ನಡುವೆಯೇ ಓಡುತ್ತದೆ. ಆದರೆ ಟೇಸರ್‌ನ ಎರಡು ಮುಳ್ಳುಗಳ ನಡುವಿನ ಜಾಗವನ್ನೋ ತಂತಿಯನ್ನೋ ಮುಟ್ಟಿದರೆ ನಿಮಗೂ ತಗಲುತ್ತದೆ.

ಹೆಜ್ಜೆ 3: ವೋಲ್ಟ್ ಲೆಕ್ಕಕ್ಕೆ ಮರುಳಾಗಬೇಡಿ

ಡಬ್ಬದ ಮೇಲೆ "10 ಲಕ್ಷ ವೋಲ್ಟ್", "1 ಕೋಟಿ ವೋಲ್ಟ್" ಎಂದೆಲ್ಲ ದಪ್ಪಕ್ಷರದಲ್ಲಿ ಬರೆದಿರುತ್ತಾರೆ. ಅದು ನಿಜವೋ ಸುಳ್ಳೋ ಅನ್ನುವುದನ್ನು ನೀವೇ ಲೆಕ್ಕ ಹಾಕಬಹುದು. ಒಣ ಗಾಳಿಯಲ್ಲಿ 1 ಮಿಲಿಮೀಟರ್ ದೂರ ಕಿಡಿ ಹಾರಲು ಹೆಚ್ಚೆಂದರೆ ಸುಮಾರು 3,000 ವೋಲ್ಟ್ ಬೇಕು. ಮೊನೆಗಳು ಚೂಪಾಗಿದ್ದರೆ ಇನ್ನೂ ಕಡಿಮೆ ಸಾಕು. ಮೊನೆಗಳ ನಡುವೆ 4 ಸೆಂಟಿಮೀಟರ್ ಇದೆ ಅಂದುಕೊಳ್ಳಿ. 40 ಮಿಲಿಮೀಟರ್‌ಗೆ ಹೆಚ್ಚೆಂದರೆ 1,20,000 ವೋಲ್ಟ್. ಅಷ್ಟು ಆದ ಕೂಡಲೇ ಕಿಡಿ ಹಾರಿಬಿಡುತ್ತದೆ, ವೋಲ್ಟೇಜ್ ಅದಕ್ಕಿಂತ ಮೇಲೆ ಏರುವುದೇ ಇಲ್ಲ. ನಿಜವಾಗಿ 1 ಕೋಟಿ ವೋಲ್ಟ್ ಇದ್ದಿದ್ದರೆ ಕಿಡಿ 3 ಮೀಟರ್‌ಗಿಂತ ಉದ್ದ ಇರಬೇಕಿತ್ತು.

ಪೊಲೀಸರು ಬಳಸುತ್ತಿದ್ದ ಎಕ್ಸ್26 ಟೇಸರ್‌ಗೆ 50,000 ವೋಲ್ಟ್ ಎಂಬ ಹೆಸರಿತ್ತು. ಅದು ಬಟ್ಟೆಯ ನಡುವಿನ ಗಾಳಿಯನ್ನು ದಾಟಲು ಬೇಕಾದ ವೋಲ್ಟೇಜ್. ಮೈಗೆ ತಗಲುವಾಗ ಅದು ಸುಮಾರು 1,200 ವೋಲ್ಟ್‌ಗೆ ಇಳಿಯುತ್ತಿತ್ತು. ಒಣ ಹವೆಯಲ್ಲಿ ಬಾಗಿಲ ಹಿಡಿ ಮುಟ್ಟಿದಾಗ ಚುರ್ ಅನ್ನುವ ಕಿಡಿಯಲ್ಲೂ ಸಾವಿರಾರು ವೋಲ್ಟ್ ಇರುತ್ತದೆ, ಅದರಿಂದ ಯಾರೂ ಬೀಳುವುದಿಲ್ಲ ಅಲ್ವಾ? ಎಷ್ಟು ಕರೆಂಟ್ ಹರಿಯುತ್ತದೆ, ಎಷ್ಟು ಸಲ ಮಿಡಿಯುತ್ತದೆ, ಮೈಯ ಎಷ್ಟು ಭಾಗವನ್ನು ಹಾದುಹೋಗುತ್ತದೆ ಅನ್ನುವುದೇ ಮುಖ್ಯ. ಆದ್ದರಿಂದ ವೋಲ್ಟ್ ಸಂಖ್ಯೆಯನ್ನೇ ದೊಡ್ಡದಾಗಿ ಹೇಳಿ ಮಾರುವ ವಸ್ತುವನ್ನು ಅಲ್ಲೇ ಕೆಳಗಿಡಿ. ಮೊದಲ ಮಾತೇ ಸುಳ್ಳಾದ ಮೇಲೆ ಉಳಿದ ಮಾತನ್ನು ನಂಬಿ ಪ್ರಾಣ ಒಡ್ಡುವುದು ಬೇಡ.

ಹೆಜ್ಜೆ 4: ಟೇಪ್ ಹಿಡಿದು ಮನೆ ಅಳೆಯಿರಿ

ಟೇಸರ್ ಬಗ್ಗೆ ಯೋಚಿಸುತ್ತಿದ್ದರೆ ಈ ಹೆಜ್ಜೆಯನ್ನು ಬಿಡಬೇಡಿ. ಅಂಗಡಿಯವರು ಇದನ್ನು ಹೇಳುವುದು ಕಡಿಮೆ.

ಎರಡು ಮುಳ್ಳುಗಳು ಒಂದೇ ದಿಕ್ಕಿಗೆ ಹೋಗುವುದಿಲ್ಲ. ತುಂಬಾ ಮಾದರಿಗಳಲ್ಲಿ ಮೇಲಿನದು ನೇರ ಹೋಗುತ್ತದೆ, ಕೆಳಗಿನದು ಸುಮಾರು 8 ಡಿಗ್ರಿ ಕೆಳಕ್ಕೆ ಬಾಗಿ ಹೋಗುತ್ತದೆ. ಹಾಗಾಗಿ 1 ಮೀಟರ್ ದೂರದಲ್ಲಿ ಅವುಗಳ ನಡುವೆ ಬರುವ ಅಂತರ 14 ಸೆಂಟಿಮೀಟರ್ ಮಾತ್ರ. 2 ಮೀಟರ್ ದೂರದಲ್ಲಿ 28 ಸೆಂಟಿಮೀಟರ್. ಸ್ನಾಯುಗಳು ಸರಿಯಾಗಿ ಬಿಗಿಯಲು ಸುಮಾರು 30 ಸೆಂಟಿಮೀಟರ್ ಅಂತರ ಬೇಕು. ಅಂದರೆ ನಿಮ್ಮ ಮತ್ತು ಅವನ ನಡುವೆ 2 ಮೀಟರ್‌ಗಿಂತ ಜಾಸ್ತಿ ಜಾಗ ಇದ್ದಾಗಲೇ ಅದು ಚೆನ್ನಾಗಿ ಕೆಲಸ ಮಾಡುತ್ತದೆ. ಸಾಮಾನ್ಯ ಜನರಿಗೆ ಮಾರುವ ಪಲ್ಸ್ ಎಂಬ ಮಾದರಿಯ ತಂತಿ ಸುಮಾರು 4.5 ಮೀಟರ್ ತನಕ ಹೋಗುತ್ತದೆ. ಹಾಗಾದರೆ ಉಪಯೋಗಕ್ಕೆ ಬರುವ ಜಾಗ 2ರಿಂದ 4.5 ಮೀಟರ್ ನಡುವೆ.

ಈಗ ಮಲಗುವ ಕೋಣೆಯ ಬಾಗಿಲಿಂದ ಮಂಚದ ತನಕ ಅಳೆಯಿರಿ. ಮುಂಬಾಗಿಲಿಂದ ನೀವು ನಿಲ್ಲುವ ಜಾಗದ ತನಕ ಅಳೆಯಿರಿ. ಬಾಗಿಲು ತೆಗೆದವರ ಮುಂದೆ ನಿಂತವನು ಎಷ್ಟು ದೂರ ಇರುತ್ತಾನೆ ಅನ್ನುವುದನ್ನೂ ನೋಡಿ. ಎಷ್ಟೋ ಮನೆಗಳಲ್ಲಿ ಇವೆಲ್ಲ 2 ಮೀಟರ್ ಒಳಗೇ ಬರುತ್ತವೆ. ನಿಮ್ಮದೂ ಹಾಗಿದ್ದರೆ ಟೇಸರ್‌ನ ಅರ್ಧ ಬಲ ಅಲ್ಲಿಗೇ ಹೋಯಿತು.

ಇನ್ನೂ ಕೆಲವು ತೊಡಕುಗಳಿವೆ. ಎರಡು ಮುಳ್ಳೂ ಚುಚ್ಚಿಕೊಳ್ಳಬೇಕು. ಒಂದು ತಪ್ಪಿದರೆ ಕರೆಂಟ್ ಹರಿಯಲು ದಾರಿಯೇ ಇಲ್ಲ. ದಪ್ಪ ಜಾಕೆಟ್, ಸಡಿಲ ಬಟ್ಟೆ ಇದ್ದರೆ ಮುಳ್ಳು ಮೈಯಿಂದ ದೂರ ಉಳಿದುಬಿಡಬಹುದು. ಕೆಲವು ಮಾದರಿಗಳಲ್ಲಿ ಒಂದೇ ಸಲ ಹಾರಿಸಬಹುದು. ಆಮೇಲೆ ಕಾರ್ಟ್ರಿಡ್ಜ್ (ತಂತಿ, ಮುಳ್ಳುಗಳನ್ನು ತುಂಬಿದ ಡಬ್ಬಿ) ಬದಲಿಸಬೇಕು, ಇಲ್ಲವೇ ಮೈಗೆ ಒತ್ತಿ ಹಿಡಿಯಬೇಕು. ಇಬ್ಬರು ಬಂದಿದ್ದರೆ ಎರಡನೆಯವನಿಗೆ ನಿಮ್ಮ ಬಳಿ ಉತ್ತರ ಇಲ್ಲ. ತರಬೇತಿ ಪಡೆದ, ದಿನಾ ಸೊಂಟದಲ್ಲಿಟ್ಟುಕೊಂಡು ಓಡಾಡುವ ಪೊಲೀಸರ ಕೈಯಲ್ಲೂ ಇದು ಎಷ್ಟೋ ಸಲ ಫಲ ಕೊಡುವುದಿಲ್ಲ. ನಿದ್ದೆಗಣ್ಣಲ್ಲಿ, ಕತ್ತಲಲ್ಲಿ, ನಡುಗುವ ಕೈಯಲ್ಲಿ ಹಿಡಿದವರ ಕಥೆ ಏನಾಗಬಹುದು ಯೋಚಿಸಿ.

ಹೆಜ್ಜೆ 5: ಕಾನೂನನ್ನು ಅಂಗಡಿಯವರಿಂದ ಕೇಳಬೇಡಿ

ದೇಶದಿಂದ ದೇಶಕ್ಕೆ ನಿಯಮ ಪೂರ್ತಿ ಬದಲಾಗುತ್ತದೆ. ಬ್ರಿಟನ್‌ನಲ್ಲಿ 1968ರ ಬಂದೂಕು ಕಾಯ್ದೆಯಡಿ ಇದು ನಿಷಿದ್ಧ ಆಯುಧ. ಸಾಮಾನ್ಯ ಜನ ಮನೆಯಲ್ಲಿ ಇಟ್ಟುಕೊಂಡರೂ ಅಪರಾಧ. ಅಮೆರಿಕದಲ್ಲಿ ಹೆಚ್ಚಿನ ರಾಜ್ಯಗಳು ಬಿಡುತ್ತವೆ, ಷರತ್ತುಗಳು ಮಾತ್ರ ಬೇರೆ ಬೇರೆ. ಅಲ್ಲಿನ ಮೆಸಾಚುಸೆಟ್ಸ್ ರಾಜ್ಯದ ಒಂದು ಪ್ರಕರಣ ಇಲ್ಲಿ ಹೇಳಲೇಬೇಕು. ಹಿಂಸೆ ಕೊಡುತ್ತಿದ್ದ ಮಾಜಿ ಸಂಗಾತಿಗೆ ಹೆದರಿ ಒಬ್ಬ ಮಹಿಳೆ ಸ್ಟನ್ ಗನ್ ಇಟ್ಟುಕೊಂಡಿದ್ದರು. ಒಂದು ದಿನ ಅವನು ಎದುರಾದಾಗ ಅದನ್ನು ತೋರಿಸಿದರು. ಅವನು ಹೊರಟುಹೋದ. ಆದರೆ ಆ ರಾಜ್ಯದಲ್ಲಿ ನಿಷೇಧ ಇದ್ದುದರಿಂದ ಮುಂದೆ ಆಕೆಯ ಮೇಲೆಯೇ ಮೊಕದ್ದಮೆ ಆಯಿತು. 2016ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ರಾಜ್ಯದ ನ್ಯಾಯಾಲಯ ಕೊಟ್ಟಿದ್ದ ಕಾರಣಗಳನ್ನು ಒಪ್ಪದೆ ಆ ತೀರ್ಪನ್ನು ರದ್ದು ಮಾಡಿತು.

ಈ ಪ್ರಕರಣ ನನಗೆ ಮುಖ್ಯ ಅನ್ನಿಸುವುದಕ್ಕೆ ಎರಡು ಕಾರಣ ಇವೆ. ತೋರಿಸಿದ್ದಕ್ಕೇ ಒಬ್ಬ ಮನುಷ್ಯ ಹಿಂದೆ ಸರಿದ ಅನ್ನುವುದನ್ನು ಯಾರೂ ಅಲ್ಲಗಳೆಯಲಾಗದು. ಆದ್ದರಿಂದ ಜನಸಾಮಾನ್ಯರು ಇದನ್ನು ಮುಟ್ಟಲೇಬಾರದು ಅನ್ನುವ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ತನ್ನ ಪ್ರಾಣ ಕಾಪಾಡಿಕೊಂಡವರೇ ವರ್ಷಗಟ್ಟಲೆ ಕೋರ್ಟಿಗೆ ಅಲೆಯಬೇಕಾಯಿತು ಅನ್ನುವುದೂ ನಿಜ.

ಹಾಗಾಗಿ ಕೊಳ್ಳುವ ಮೊದಲು ನಿಮ್ಮೂರಿನ ಪೊಲೀಸರನ್ನು ಅಥವಾ ವಕೀಲರನ್ನು ಕೇಳಿ. ಇಟ್ಟುಕೊಳ್ಳುವುದು, ಹೊರಗೆ ಒಯ್ಯುವುದು, ಬೇರೆ ದೇಶದಿಂದ ತರಿಸುವುದು, ಬಳಸುವುದು, ಈ ನಾಲ್ಕಕ್ಕೂ ಬೇರೆ ಬೇರೆ ನಿಯಮ ಇರಬಹುದು. ಅಂಚೆಯಲ್ಲಿ ಮನೆಗೆ ಬಂತು ಅಂದ ಮಾತ್ರಕ್ಕೆ ಕಾನೂನು ಒಪ್ಪಿದೆ ಎಂದಲ್ಲ.

ಹೆಜ್ಜೆ 6: ಮನೆಯೊಳಗಿನವರನ್ನು ನೆನೆಯಿರಿ

ಸಾಧನ ಕೊಂಡ ದಿನದಿಂದ ಅದು ಕಳ್ಳನಿಗಿಂತ ನಿಮ್ಮ ಮನೆಯವರ ಹತ್ತಿರವೇ ಹೆಚ್ಚು ಹೊತ್ತು ಇರುತ್ತದೆ. ಮಕ್ಕಳಿದ್ದಾರಾ? ಮರೆವಿನ ಕಾಯಿಲೆಯ ಹಿರಿಯರಿದ್ದಾರಾ? ಹೃದಯದ ತೊಂದರೆ ಇದ್ದವರು, ಗರ್ಭಿಣಿ, ಕುಡಿದರೆ ಜಗಳ ತೆಗೆಯುವವರು ಇದ್ದಾರಾ? ಇದ್ದರೆ, ಬೀಗ ಹಾಕಿದ ಜಾಗದಲ್ಲಿ ಇಡಬೇಕು. ಬೀಗ ಹಾಕಿಟ್ಟರೆ ಬೇಕಾದಾಗ ಕೈಗೆ ಬೇಗ ಸಿಗದು. ಇದಕ್ಕೆ ಸುಲಭದ ಪರಿಹಾರ ನನಗೆ ಕಾಣುವುದಿಲ್ಲ. ಚಿಕ್ಕ ಮಕ್ಕಳಿರುವ ಮನೆಗೆ ಬೇಡ ಅಂತಲೇ ಹೇಳುತ್ತೇನೆ.

ಟಾರ್ಚ್, ಮೊಬೈಲ್, ಲಿಪ್‌ಸ್ಟಿಕ್ ರೂಪದಲ್ಲಿ ಬರುವ ಸ್ಟನ್ ಗನ್‌ಗಳನ್ನಂತೂ ಮನೆಗೆ ತರಬೇಡಿ. ಕರೆಂಟ್ ಹೋದಾಗ ಮಗು ಮೊದಲು ಹುಡುಕುವುದೇ ಟಾರ್ಚ್.

"ಇದರಿಂದ ಸಾವು ಬರುವುದಿಲ್ಲ" ಎಂಬ ಮಾತೂ ಪೂರ್ತಿ ನಿಜ ಅಲ್ಲ. ಟೇಸರ್ ತಗಲಿದ ನಂತರ ಜನ ಸತ್ತ ಪ್ರಕರಣಗಳು ನೂರಾರು ದಾಖಲಾಗಿವೆ. 2001ರಿಂದ 2012ರ ಹೊತ್ತಿಗೆ ಅಮೆರಿಕದಲ್ಲೇ 500 ಜನ ಹೀಗೆ ಸತ್ತಿದ್ದಾರೆಂದು ಮಾನವ ಹಕ್ಕುಗಳ ಸಂಸ್ಥೆ ಆಮ್ನೆಸ್ಟಿ ಇಂಟರ್‌ನ್ಯಾಷನಲ್ ಹೇಳಿತ್ತು. ಎಲ್ಲಾ ಸಾವಿಗೂ ಅದೇ ಕಾರಣ ಅಲ್ಲ. ಮಾದಕ ವಸ್ತು, ಹೃದಯದ ಕಾಯಿಲೆ, ಹಿಡಿದು ಒತ್ತಿದ್ದು ಎಲ್ಲವೂ ಸೇರಿರುತ್ತವೆ. ಆದರೂ ತಯಾರಿಸುವ ಕಂಪನಿಯೇ 2009ರಲ್ಲಿ ಎದೆಗೆ ಗುರಿ ಇಡುವುದನ್ನು ತಪ್ಪಿಸಿ ಎಂದು ಪೊಲೀಸರಿಗೆ ಸಲಹೆ ಕೊಟ್ಟಿತು. ಸ್ನಾಯು ಬಿಗಿದವನು ಕೈ ಊರದೆ ಬೀಳುತ್ತಾನೆ. ಮೆಟ್ಟಿಲ ಮೇಲೆ, ಮಹಡಿಯ ಅಂಚಿನಲ್ಲಿ, ಗಟ್ಟಿ ನೆಲದ ಮೇಲೆ ಬಿದ್ದರೆ ತಲೆಗೆ ಪೆಟ್ಟಾಗಿಯೇ ಪ್ರಾಣ ಹೋಗಬಹುದು. ಮುಳ್ಳು ಕಣ್ಣಿಗೆ ಬಿದ್ದರೆ ಕಣ್ಣು ಹೋಗಬಹುದು.

ಅಡುಗೆ ಅನಿಲ ಸೋರುತ್ತಿದ್ದರೆ, ಪೆಟ್ರೋಲ್ ಚೆಲ್ಲಿದ್ದರೆ ಆ ಕಿಡಿಯಿಂದ ಬೆಂಕಿ ಹತ್ತುತ್ತದೆ. ಆಲ್ಕೋಹಾಲ್ ಇರುವ ಪೆಪ್ಪರ್ ಸ್ಪ್ರೇ ಹೊಡೆದು ಆಮೇಲೆ ಟೇಸರ್ ಹಾರಿಸಿದರೂ ಹಾಗೇ. ಎರಡನ್ನೂ ಜೊತೆಗಿಟ್ಟುಕೊಳ್ಳುವವರು ಇದನ್ನು ಮರೆಯಬಾರದು.

ಹೆಜ್ಜೆ 7: ಆ ಹಣವನ್ನು ಮೊದಲು ಬಾಗಿಲಿಗೆ ಹಾಕಿ

ಒದ್ದು ತೆರೆದ ಬಾಗಿಲುಗಳನ್ನು ನೋಡಿ. ಬೀಗ ಮುರಿದಿರುವುದಕ್ಕಿಂತ ಬೀಗದ ನಾಲಿಗೆ ಕೂರುವ ಚೌಕಟ್ಟಿನ ಮರ ಸೀಳಿರುವುದೇ ಜಾಸ್ತಿ. ಅಲ್ಲಿರುವ ತಗಡಿನ ಪಟ್ಟಿಯನ್ನು ಸಣ್ಣ ಸ್ಕ್ರೂಗಳಲ್ಲಿ ಕೂರಿಸಿರುತ್ತಾರೆ. ಅದನ್ನು ತೆಗೆದು ದಪ್ಪ ಪಟ್ಟಿ ಹಾಕಿಸಿ, 3 ಇಂಚಿನ ಸ್ಕ್ರೂ ಬಳಸಿ ಚೌಕಟ್ಟಿನ ಒಳಗಿನ ತನಕ ಹೋಗುವಂತೆ ಬಿಗಿಸಿ. ಕೀಲುಗಳಿಗೂ ಹೀಗೇ ಮಾಡಿ. ಒಳಗಿನಿಂದ ಅಡ್ಡ ಅಗುಳಿ ಇರಲಿ. ಬಾಗಿಲಿಗೆ ನೋಡುವ ಕಿಂಡಿ ಹಾಕಿಸಿ. ಹೊರಗೆ ಯಾರಾದರೂ ಓಡಾಡಿದರೆ ತಾನೇ ಹತ್ತುವ ದೀಪ ಇರಲಿ. ಹಿಂಬಾಗಿಲು, ಸ್ನಾನದ ಮನೆಯ ಕಿಟಕಿ ಇವುಗಳ ಕಡೆ ಜನ ಗಮನ ಕೊಡುವುದೇ ಇಲ್ಲ.

ಆಮೇಲೆ ಒಂದು ಕೋಣೆಯನ್ನು ಆರಿಸಿಕೊಳ್ಳಿ. ಅದರ ಬಾಗಿಲು ಗಟ್ಟಿ ಇರಬೇಕು, ಒಳಗಿಂದ ಚಿಲಕ ಇರಬೇಕು. ಒಂದು ಮೊಬೈಲ್ ಸದಾ ಅಲ್ಲೇ ಚಾರ್ಜ್ ಆಗುತ್ತಿರಲಿ. ಸದ್ದು ಕೇಳಿದರೆ ಎಲ್ಲರೂ ಆ ಕೋಣೆಗೆ ಸೇರಬೇಕು ಎಂದು ಮನೆಯವರಿಗೆಲ್ಲ ಹೇಳಿಡಿ. ಒಂದು ಸಲ ದೀಪ ಆರಿಸಿ ಮಾಡಿ ನೋಡಿ. ಮಕ್ಕಳು ಎಲ್ಲಿ ಎಡವುತ್ತಾರೆ, ಅಜ್ಜಿ ಎಷ್ಟು ಹೊತ್ತು ತೆಗೆದುಕೊಳ್ಳುತ್ತಾರೆ, ಎಲ್ಲ ಆಗಲೇ ಗೊತ್ತಾಗುವುದು.

ಇಷ್ಟನ್ನು ಮಾಡಿ ಮುಗಿಸಿದವರಲ್ಲಿ ತುಂಬಾ ಜನರಿಗೆ ಸ್ಟನ್ ಗನ್ ಬೇಕು ಅನ್ನಿಸುವುದೇ ಇಲ್ಲ.

ಹೆಜ್ಜೆ 8: ಆದರೂ ಕೊಳ್ಳುವುದಾದರೆ

ಕಾನೂನು ಬಿಡುತ್ತದೆ, ಚಿಕ್ಕ ಮಕ್ಕಳಿಲ್ಲ, ಮನೆಯಲ್ಲಿ ದೂರ ಇದೆ, ಬಾಗಿಲು ಗಟ್ಟಿಯಾಗಿದೆ, ಸಹಾಯ ಬರಲು ತುಂಬಾ ಹೊತ್ತು ಹಿಡಿಯುತ್ತದೆ. ಇಂಥವರಿಗೆ ಟೇಸರ್ ಬೇಡ ಎಂದು ನಾನು ಹೇಳುವುದಿಲ್ಲ.

ತಂತಿ ಹಾರಿಸುವ ಮಾದರಿಯನ್ನೇ ಕೊಳ್ಳಿ. ಎರಡು ಸಲ ಹಾರಿಸಬಹುದಾದದ್ದು ಸಿಕ್ಕರೆ ಒಳ್ಳೆಯದು. ಅಭ್ಯಾಸಕ್ಕೆಂದೇ ಇನ್ನೊಂದಿಷ್ಟು ಕಾರ್ಟ್ರಿಡ್ಜ್‌ಗಳ ಖರ್ಚನ್ನು ಮೊದಲೇ ಲೆಕ್ಕಕ್ಕೆ ಸೇರಿಸಿ. ಒಮ್ಮೆಯೂ ಹಾರಿಸದೆ ಪೆಟ್ಟಿಗೆಯಲ್ಲಿಟ್ಟ ಟೇಸರ್ ಹೆಸರಿಗೆ ಮಾತ್ರ ರಕ್ಷಣೆ. ಗೋಡೆಗೆ ದಪ್ಪ ರಟ್ಟು ನಿಲ್ಲಿಸಿ, 2 ಮೀಟರ್, 3 ಮೀಟರ್ ದೂರದಿಂದ ಹಾರಿಸಿ, ಮುಳ್ಳುಗಳು ಎಲ್ಲಿ ಬೀಳುತ್ತವೆ ಎಂದು ಕಣ್ಣಾರೆ ನೋಡಿ. ಸುರಕ್ಷೆಯ ಗುಂಡಿಯನ್ನು ಕತ್ತಲಲ್ಲೂ ಹೆಬ್ಬೆರಳಿಗೆ ಸಿಗುವ ತನಕ ಅಭ್ಯಾಸ ಮಾಡಿ. ಗುಂಡಿಯ ಈ ಅಭ್ಯಾಸ ಮಾಡುವಾಗ ಕಾರ್ಟ್ರಿಡ್ಜ್ ಅನ್ನು ಟೇಸರ್‌ನಿಂದ ಹೊರಗೆ ತೆಗೆದಿರಿ.

ಮನೆಯಲ್ಲಿ ಬಂದೂಕೂ ಇದ್ದರೆ ಎರಡನ್ನೂ ಒಂದೇ ಜಾಗದಲ್ಲಿ ಇಡಬೇಡಿ. 2021ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ವರ್ಷಗಳ ಅನುಭವ ಇದ್ದ ಪೊಲೀಸ್ ಅಧಿಕಾರಿಯೊಬ್ಬರು ಟೇಸರ್ ಅಂದುಕೊಂಡು ಪಿಸ್ತೂಲಿನಿಂದ ಗುಂಡು ಹಾರಿಸಿ 20 ವರ್ಷದ ಯುವಕನ ಪ್ರಾಣ ಹೋಯಿತು.

ಮೈಗೆ ಒತ್ತುವ ಸ್ಟನ್ ಗನ್ ಬಿಟ್ಟರೆ ಬೇರೆ ದಾರಿ ಇಲ್ಲದಿದ್ದರೆ, ಮಣಿಕಟ್ಟಿಗೆ ಕಟ್ಟುವ ಪಟ್ಟಿಯ ತುದಿಯಲ್ಲಿ ಒಂದು ಪಿನ್ ಇರುವ ಮಾದರಿ ನೋಡಿ. ಯಾರಾದರೂ ಕಿತ್ತುಕೊಂಡರೆ ಪಿನ್ ಕಳಚಿ ಅದು ಕೆಲಸ ನಿಲ್ಲಿಸುತ್ತದೆ.

ಹೆಜ್ಜೆ 9: ಆ ಹೊತ್ತು ಬಂದರೆ

ಸದ್ದು ಕೇಳಿತೆಂದು ಹುಡುಕಿಕೊಂಡು ಹೋಗಬೇಡಿ. ಕೈಯಲ್ಲಿ ಟೇಸರ್ ಇದೆ ಅನ್ನುವ ಧೈರ್ಯವೇ ಅಪಾಯಕ್ಕೆ ದಾರಿ. ಗೊತ್ತು ಮಾಡಿದ ಕೋಣೆಗೆ ಹೋಗಿ ಚಿಲಕ ಹಾಕಿ, ತುರ್ತು ಸಂಖ್ಯೆಗೆ ಕರೆ ಮಾಡಿ, ಮೊದಲು ವಿಳಾಸ ಹೇಳಿ. ಪೊಲೀಸರಿಗೆ ಕರೆ ಮಾಡಿದ್ದೇನೆ ಎಂದು ಜೋರಾಗಿ ಕೂಗಿ. ಸಾಮಾನು ತೆಗೆದುಕೊಂಡು ಹೋಗುವವನನ್ನು ಹೋಗಲು ಬಿಡಿ.

ಆ ಬಾಗಿಲನ್ನೂ ಒಡೆದು ಬಂದರೆ ಆಗ ಮಾತ್ರ ಬಳಸಿ. ಹಾರಿಸುವಾಗ ಎದೆಯ ಕೆಳಗೆ, ಹೊಟ್ಟೆ ಮತ್ತು ತೊಡೆಯ ಕಡೆಗೆ ಗುರಿ ಇರಲಿ. ಮುಖದ ಕಡೆಗೆ ಬೇಡವೇ ಬೇಡ. ಪೊಲೀಸರ ಟೇಸರ್ ಒಂದು ಸಲಕ್ಕೆ 5 ಸೆಕೆಂಡು ಕೆಲಸ ಮಾಡಿದರೆ, ಪಲ್ಸ್‌ನಂಥ ಸಾಮಾನ್ಯ ಜನರ ಮಾದರಿ 30 ಸೆಕೆಂಡು ಮಾಡುತ್ತದೆ. ಹಾರಿಸಿದವರು ಅದನ್ನು ಕೆಳಗಿಟ್ಟು ಓಡಿಹೋಗಲಿ ಎಂದೇ ಅಷ್ಟು ಸಮಯ ಕೊಟ್ಟಿದ್ದಾರೆ. ನಿಂತು ನೋಡಬೇಡಿ, ಅವನನ್ನು ಕಟ್ಟಿಹಾಕಲು ಹೋಗಬೇಡಿ. ಶಾಕ್ ನಿಂತ ಕೂಡಲೇ ಅವನು ಎದ್ದು ಓಡಬಲ್ಲ, ಮೇಲೆ ಬೀಳಲೂಬಲ್ಲ. ಮಕ್ಕಳು, ಹಿರಿಯರನ್ನು ಕರೆದುಕೊಂಡು ಹೊರಗೆ ಹೋಗಿ.

ಹೊರಗೆ ಹೋದ ಮೇಲೆ ಇನ್ನೊಮ್ಮೆ ಕರೆ ಮಾಡಿ. ಒಬ್ಬ ವ್ಯಕ್ತಿಗೆ ಟೇಸರ್ ತಗಲಿದೆ, ಆಂಬುಲೆನ್ಸ್ ಬೇಕು ಎಂದು ಹೇಳಿ. ಮುಳ್ಳುಗಳನ್ನು ನೀವು ಕೀಳಬೇಡಿ, ಅದು ವೈದ್ಯರ ಕೆಲಸ. ಟೇಸರ್ ಹಾರಿಸಿದಾಗ ಕಾರ್ಟ್ರಿಡ್ಜ್‌ನಿಂದ ಸಂಖ್ಯೆ ಮುದ್ರಿಸಿದ ಸಣ್ಣ ಚೂರುಗಳು ನೆಲದ ತುಂಬ ಚೆಲ್ಲುತ್ತವೆ. ಯಾರ ಸಾಧನ, ಎಲ್ಲಿ ನಿಂತು ಹಾರಿಸಿದ್ದು ಎಂದು ಪೊಲೀಸರು ಅದರಿಂದ ಪತ್ತೆ ಮಾಡುತ್ತಾರೆ. ಅವರು ಬಂದು ನೋಡುವ ತನಕ ಆ ಕೋಣೆಯನ್ನು ಗುಡಿಸಬೇಡಿ, ಯಾವ ವಸ್ತುವನ್ನೂ ಜರುಗಿಸಬೇಡಿ.